ಹಿತ್ತಾಳೆಯ ಎರಡು ಮುಚ್ಚಳ

ಡ್ರೈವಿಂಗ್ ಮೇಷ್ಟ್ರು ಮೂವತ್ತೊಂದು ವರ್ಷ ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದ್ದರು, ಕಟ್ಟಿಕೊಂಡ ಹೆಂಡತಿಯೊಬ್ಬಳನ್ನು ಬಿಟ್ಟು. ಪ್ರಯತ್ನವೇ ಪಡಲಿಲ್ಲ ಅಂತಲ್ಲ. ಮದುವೆಯಾದ ಹೊಸತರಲ್ಲಿ ಮೂರು ದಿನ ಕೂರಿಸಿಕೊಂಡು ಕಲಿಸಿದ್ದರು. ಮೂರನೆಯ ದಿನ ಆಕೆ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಕೀಲಿಕೈ ತೆಗೆದು ಅವರ ತೊಡೆಯ ಮೇಲಿಟ್ಟು, ಇಳಿದು ನಡೆದುಕೊಂಡೇ ಮನೆಗೆ ಹೋಗಿದ್ದಳು. ಆ ಗಾಡಿಗೆ ಎರಡು ಬ್ರೇಕು, ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನ ಮೇಷ್ಟ್ರ ಕಾಲಿಗೆ. ಆಕೆ ಒತ್ತುವ ಮೊದಲೇ ಇವರು ಒತ್ತಿಬಿಡುತ್ತಿದ್ದರು, ಜಗಳಕ್ಕೆ ಅಷ್ಟೇ ಮೂಲ. ಅಲ್ಲಿಂದ ಮುಂದೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ಅದೇ ಗಂಡ ಹೆಂಡತಿ ಒಂದು ಪುಟ್ಟ ಮೋಟಾರು ದೋಣಿಯಲ್ಲಿ ದಡದುದ್ದಕ್ಕೂ ತಿರುಗಾಟಕ್ಕೆ ಹೊರಟು ಆರು ದಿನವಾಗಿತ್ತು. ನಿವೃತ್ತಿಯಾದ ಮೇಲೆ ಕೊಂಡ ಹಳೇ ದೋಣಿ. ಇಬ್ಬರು ಮೈ ಚಾಚುವಷ್ಟು ಕೋಣೆ, ಒಂದು ಒಲೆ, ನೆಟ್ಟಗೆ ನಿಂತರೆ ನೆತ್ತಿಗೆ ತಾಗುವ ಚಾವಣಿ, ಅಡಿಯಲ್ಲಿ ಗೊರಗೊರ ಅನ್ನುವ ಡೀಸೆಲ್ ಎಂಜಿನ್. ಹಗಲು ಪಯಣ, ಸಂಜೆಗೆ ಯಾವುದಾದರೂ ಬಂದರು. "ಅದೇ ನಾಲ್ಕು ಬೀದಿ ಸುತ್ತಿ ಸುತ್ತಿ ಆಯಸ್ಸು ಕಳೆದ್ರಿ. ಒಂದೇ ಒಂದು ಸಲ ದಡಾನ ಸಮುದ್ರದ ಕಡೆಯಿಂದ ತೋರಿಸಿಬಿಡಿ, ಆಮೇಲೆ ನಾನೇನೂ ಕೇಳಲ್ಲ" ಅಂತ ಆಕೆ ವರ್ಷಗಟ್ಟಲೆ ಹೇಳಿದ್ದಳು. ಆಮೇಲೆ ಏನೂ ಕೇಳಲ್ಲ ಅನ್ನುವ ಮಾತನ್ನು ಮೇಷ್ಟ್ರು ನಂಬಿರಲಿಲ್ಲ, ಆದರೆ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದರು.

ಇಲ್ಲಿ ಒಂದು ವಿಷಯ ನಾನೇ ಹೇಳಿಬಿಡಬೇಕು, ಯಾಕೆಂದರೆ ಮೇಷ್ಟ್ರು ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಅವರ ಕಣ್ಣು ಹೋಗುತ್ತಿತ್ತು. ಏಳು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಸುತ್ತಮುತ್ತ ಕಾಣ್ತಾ ಇರತ್ತೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣಲ್ಲ. ಮುಂದೆ ಇನ್ನೂ ಹೆಚ್ಚಾಗತ್ತೆ. ಸ್ಟೀರಿಂಗ್ ಮುಟ್ಟಬೇಡಿ. ಮುಂದಿನ ಸಲ ಮನೆಯವರನ್ನ ಕರ್ಕೊಂಡು ಬನ್ನಿ" ಅಂದಿದ್ದರು. ಮೇಷ್ಟ್ರು ಮನೆಯವರನ್ನು ಕರೆದುಕೊಂಡು ಹೋಗಲಿಲ್ಲ, ತಾವೂ ಹೋಗಲಿಲ್ಲ. ದೋಣಿ ಇರುವಾಗ ಕಾರು ಯಾಕೆ ದಂಡಕ್ಕೆ ಅಂತ ಕಾರನ್ನು ಮಾರಿದರು. ನೋಡಿದ್ದೆಲ್ಲದರ ನಟ್ಟನಡುವೆ ಒಂದು ಬೂದು ಕಲೆ ಕೂತಿರುತ್ತಿತ್ತು. ಹೆಂಡತಿಯ ಮುಖವನ್ನೇ ನೋಡಿದರೆ ಕಿವಿಯೋಲೆ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಓರೆಯಾಗಿ ನೋಡುವ ಅಭ್ಯಾಸ ಮಾಡಿಕೊಂಡರು. ಆಕೆ ಅದನ್ನು ಕತ್ತು ಉಳುಕಿದ್ದು ಅಂದುಕೊಂಡು ದಿನಾ ಮುಲಾಮು ಹಚ್ಚುತ್ತಿದ್ದಳು.

ಆಕೆಗೆ ಗೊತ್ತಾದ ದಿನವೇ ತಿರುಗಾಟ ಮುಗಿಯಿತು ಅಂತ ಮೇಷ್ಟ್ರಿಗೆ ಖಾತ್ರಿಯಿತ್ತು. ಮಾತು ಕೊಟ್ಟು ಅರ್ಧಕ್ಕೆ ಕೈಬಿಟ್ಟ ಹಾಗಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಊರಿಗೆಲ್ಲ ರಸ್ತೆ ತೋರಿಸಿದವನನ್ನು ಯಾರೋ ಕೈ ಹಿಡಿದು ರಸ್ತೆ ದಾಟಿಸುವ ದಿನ ಬರುತ್ತದೆ. ಇನ್ನು ನಾಲ್ಕು ದಿನ ಹೇಗಾದರೂ ದೂಡಿಬಿಟ್ಟರೆ ಸಾಕು ಅಂದುಕೊಂಡಿದ್ದರು.

ದೂಡುವುದಕ್ಕೆ ಅವರೊಂದು ಉಪಾಯ ಹೂಡಿದ್ದರು, ಅದೂ ತಮ್ಮ ಕಸುಬಿನದೇ. ಮೊದಲ ದಿನವೇ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಸುಮ್ನೆ ನಿಂತ್ಕೊಂಡ್ರೆ ಏನು ಬಂತು? ಕಲ್ತುಕೋ. ಮುಂದೆ ತೇಲ್ತಿರೋದು ಯಾವ ಬಣ್ಣ, ಗಟ್ಟಿಯಾಗಿ ಹೇಳು" ಅಂದರು. ದೋಣಿಗಳಿಗೆ ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬಣ್ಣದ ಪೀಪಾಯಿಗಳವು. ಆಕೆ ಕೆಂಪು ಅಂದರೆ ಒಂದು ಕಡೆಗೆ ತಿರುಗಿಸುತ್ತಿದ್ದರು, ಹಸಿರು ಅಂದರೆ ಇನ್ನೊಂದು ಕಡೆಗೆ. "ಕಟ್ಟೆ ಎಷ್ಟು ದೂರ?" "ನಮ್ಮನೆ ಬಾಗಿಲಿಂದ ಗೇಟಿಗಿರೋಷ್ಟು." "ಹಾಗೆ ಹೇಳಬಾರದು, ಮೀಟರಲ್ಲಿ ಹೇಳು." ಪಾಠವೋ ಪಾಠ. ಆಕೆಗಂತೂ ಖುಷಿಯೋ ಖುಷಿ. ಸಂಜೆ ಬಂದರಿನಲ್ಲಿ ಮಗಳಿಗೆ ಫೋನು ಹಚ್ಚಿ, ಆ ಕಡೆ ತಿರುಗಿ ಮೆಲ್ಲಗೆ ಏನೇನೋ ಹೇಳಿಕೊಳ್ಳುತ್ತಿದ್ದಳು.

ಆರನೆಯ ದಿನ ಬೆಳಿಗ್ಗೆ ಡೀಸೆಲ್ಲಿನ ಚಿಂತೆ ಬಂತು. ಡೀಸೆಲ್ ಎಷ್ಟಿದೆ ಅಂತ ತೋರಿಸುವ ದೋಣಿಯ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಟ್ಯಾಂಕಿಗೆ ಒಂದು ಬಿದಿರು ಕೋಲು ಇಳಿಬಿಟ್ಟು, ಎಷ್ಟು ತೇವವಾಗಿದೆ ಅಂತ ಬೆರಳಲ್ಲಿ ಅಳೆಯುತ್ತಿದ್ದರು. ಅವತ್ತು ನಾಲ್ಕು ಬೆರಳು ಬಂತು. ಮುಂದಿನ ಎರಡು ದಿನದ ದಾರಿಯಲ್ಲಿ ಪಂಪು ಇರುವುದು ಒಂದೇ ಬಂದರಿನಲ್ಲಿ. ಹೊರಟಾಗ ಟ್ಯಾಂಕು ತುಂಬಿದ್ದರಿಂದ ಇಲ್ಲಿಯವರೆಗೆ ಪಂಪಿನ ಮುಖ ನೋಡಬೇಕಾಗಿ ಬಂದಿರಲಿಲ್ಲ.

ಮೇಷ್ಟ್ರು ಕೋಲು ಒರೆಸಿಟ್ಟು ಮುಖ ತೊಳೆಯಲು ಹೋದಾಗ ಆಕೆ ದಿಂಬಿನ ಕವರು ಝಾಡಿಸಿ, ದೋಣಿಯ ಹಿತ್ತಾಳೆ ಸಾಮಾನನ್ನೆಲ್ಲ ತಿಕ್ಕಲು ಕೂತಳು. ಹಿಂಭಾಗದ ಹಲಗೆಯ ಮೇಲೆ ಒಂದರ ಹಿಂದೆ ಒಂದು ಎರಡು ತೂತು, ಎರಡಕ್ಕೂ ತಿರುಚಿ ಕೂರಿಸುವ ಹಿತ್ತಾಳೆ ಮುಚ್ಚಳ. ಒಂದರ ಕೆಳಗೆ ಕುಡಿಯುವ ನೀರಿನ ಟ್ಯಾಂಕು, ಇನ್ನೊಂದರ ಕೆಳಗೆ ಡೀಸೆಲ್ಲಿನದು. ಕಿಲುಬು ಹಿಡಿದು ಯಾವುದರ ಮೇಲೆ ಏನು ಬರೆದಿದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಮೇಷ್ಟ್ರಿಗೆ ಅದು ಬೇಕಾಗಿಯೂ ಇರಲಿಲ್ಲ, ಮುಂದಿನದು ನೀರು, ಹಿಂದಿನದು ಡೀಸೆಲ್, ಮುಗಿಯಿತು. ಆಕೆ ಎರಡನ್ನೂ ಬಿಚ್ಚಿ ಹಳೇ ಪೇಪರಿನ ಮೇಲಿಟ್ಟುಕೊಂಡು ಕನ್ನಡಿಯ ಹಾಗೆ ಹೊಳೆಯಿಸಿದಳು. ಅಷ್ಟರಲ್ಲಿ ಒಲೆಯ ಮೇಲೆ ಚಹಾ ಉಕ್ಕಿತು. ಮುಚ್ಚಳ ತಿರುಚಿ ಓಡಿದಳು.

"ದೋಣೀನೇನು ಹೆಣ್ಣು ನೋಡೋಕೆ ಬರ್ತಾರಾ, ಹೀಗೆ ಸಿಂಗಾರ ಮಾಡ್ತಿದೀಯಲ್ಲ?" ಅಂತ ಮೇಷ್ಟ್ರು ರೇಗಿಸಿದರು.

"ಬರಲಿ ಬಿಡಿ. ನಿಮ್ಮನ್ನ ನೋಡಿ ಓಡಿಹೋಗದಿದ್ರೆ ಸರಿ" ಅಂದಳು ಆಕೆ, ಚಹಾ ಸೋಸುತ್ತಾ.

ಬಿಸಿಲೇರುವ ಹೊತ್ತಿಗೆ ಬಂದರು ಬಂತು. ಸಣ್ಣ ಬಂದರು. ಕಲ್ಲಿನ ಕಟ್ಟೆಗೆ ಸಾಲಾಗಿ ಹಳೇ ಟೈರು ನೇತುಹಾಕಿದ್ದರು, ತುದಿಯಲ್ಲಿ ತಗಡಿನ ಸೂರಿನ ಕೆಳಗೆ ಒಂದು ಪಂಪು, ಪಕ್ಕದಲ್ಲಿ ಮರಳು ತುಂಬಿದ ಮೂರು ಬಕೆಟ್ಟು. "ಎಷ್ಟು?" "ಇಪ್ಪತ್ತು ಮೀಟರು. ಎಡಕ್ಕೆ ಸ್ವಲ್ಪ. ಹತ್ತು. ಸಾಕು ಸಾಕು, ಹಿಂದಕ್ಕೆ ಹಾಕಿ." ದೋಣಿ ಬೆಣ್ಣೆಯ ಹಾಗೆ ಹೋಗಿ ಟೈರಿಗೆ ಒರಗಿತು. ಆಕೆ ಹಗ್ಗ ಹಿಡಿದು ಕಟ್ಟೆಗೆ ಹಾರಿ ಗೂಟಕ್ಕೆ ಸುತ್ತಿದಳು. ಆರು ದಿನದ ಹಿಂದೆ ಕಟ್ಟೆಗೆ ಕಾಲಿಡಲು ಇಬ್ಬರ ಆಸರೆ ಬೇಡಿದವಳು ಇವಳೇನಾ ಅನ್ನಿಸುವಂತಿತ್ತು.

ಪಂಪು ನೋಡಿಕೊಳ್ಳುತ್ತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ರಬ್ಬರ್ ಬೂಟು, ತಲೆಗೆ ಬಣ್ಣಗೆಟ್ಟ ಟೋಪಿ, ಅವಸರವೇ ಇಲ್ಲದ ನಡಿಗೆ. ಎಂಜಿನ್ ಆರಿಸಿದ್ದಾರೆಯೇ, ಒಲೆ ಆರಿಸಿದ್ದಾರೆಯೇ ಅಂತ ಕೇಳಿ, ದೋಣಿಯೊಳಗೆ ಇಳಿದು, ನಳಿಕೆಯನ್ನು ಎಡಗೈಯಲ್ಲಿ ಹಿಡಿದು ನಿಂತಳು. ತುಂಬಿಸಲಿಲ್ಲ.

"ದೋಣಿ ಓಡಿಸೋರು ಯಾರು?" ಅಂದಳು.

"ನಾನೇ" ಅಂದರು ಮೇಷ್ಟ್ರು.

"ಮುಚ್ಚಳದ ಮೇಲೆ ಏನು ಬರೆದಿದೆ ನೋಡಿ, ಗಟ್ಟಿಯಾಗಿ ಓದಿ, ನಿಮ್ಮ ಕೈಯಾರೆ ತೆಗೀರಿ ಯಜಮಾನ್ರೇ. ನಾನು ಮುಟ್ಟಲ್ಲ. ಒಂದು ಸಲ ಪಾಪ ಯಾರೋ ಬೆರಳು ತೋರಿಸಿದ್ರು, ನಾನು ಹಾಕಿದೆ. ಐವತ್ತು ಲೀಟರು ಡೀಸೆಲ್ಲು ಹೋಗಿ ಕುಡಿಯೋ ನೀರಲ್ಲಿ ಕೂತಿತ್ತು. ಅವತ್ತಿಂದ ಓಡಿಸೋರು ಓದಿ ತೆಗೀದೆ ನಾನು ಒಂದು ಹನಿ ಬಿಡಲ್ಲ."

"ಒಳ್ಳೇ ಪದ್ಧತಿ" ಅಂದರು ಮೇಷ್ಟ್ರು. ಅವರಿಗೆ ಅಂಥ ಭಯವೇನೂ ಆಗಲಿಲ್ಲ. ಓದಬೇಕಾದದ್ದು ಒಂದೇ ಪದ, ಅದು ಏನು ಅಂತ ಮೊದಲೇ ಗೊತ್ತು. ಪರೀಕ್ಷೆಯ ಪ್ರಶ್ನೆ ಹಿಂದಿನ ದಿನವೇ ಸಿಕ್ಕ ಹಾಗೆ. ಮಂಡಿಯೂರಿ, ದೋಣಿಯ ಅಂಚಿನ ಕಟಕಟೆಯಿಂದ ಗೇಣಿನಲ್ಲಿ ಅಳೆದು, ಹಿಂದಿನ ಮುಚ್ಚಳದ ಮೇಲೆ ಕೈಯಿಟ್ಟರು. ಅಕ್ಷರಗಳು ಕಣ್ಣಿಗೆ ಕಾಣುವಷ್ಟು ಮಾತ್ರ ಉಳಿದು ಸವೆದಿದ್ದವು, ಬೆರಳಿಗೆ ಸಿಗುತ್ತಿರಲಿಲ್ಲ. ತಲೆ ಬಾಗಿಸಿ ಓದುವವರ ಹಾಗೆ ಒಂದು ಕ್ಷಣ ತಡೆದು, "ಡೀಸೆಲ್" ಅಂದರು.

ಪಂಪಿನಾಕೆ ಮುಚ್ಚಳ ನೋಡಿದಳು, ಅವರ ಮುಖ ನೋಡಿದಳು. "ಇನ್ನೊಂದ್ಸಲ ಓದಿ."

"ಡೀಸೆಲ್ ಅಂದ್ನಲ್ಲಮ್ಮ."

"ನೀರು ಅಂತಿದೆ ಯಜಮಾನ್ರೇ."

ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ಹೆಂಡತಿ ಈ ಕಡೆ ತಿರುಗಿದ್ದು ಮೇಷ್ಟ್ರಿಗೆ ಕಣ್ಣಂಚಿನಲ್ಲಿ ಕಂಡಿತು. ಕೈ ತಪ್ಪಿತೇ? ಮತ್ತೆ ಅಳೆದರು. ಒಂದೂವರೆ ಗೇಣು, ಹಿಂದಿನದೇ. ಹಾಗಿದ್ದರೂ ನಂಬಿಕೆ ಬರಲಿಲ್ಲ. ಏಳು ತಿಂಗಳಿಂದ ಕಣ್ಣನ್ನು ನಂಬದೆ ನಂಬದೆ ಕೈಯ ಮೇಲಿನ ನಂಬಿಕೆಯೂ ಸಡಿಲವಾಗಿತ್ತು. "ಹೂಂ, ಇದಲ್ಲ, ಡೀಸೆಲ್ ಅಂತಿರೋದು ಅದು" ಅಂತ ಗೊಣಗಿ ಮುಂದಿನ ಮುಚ್ಚಳ ಬಿಚ್ಚಿದರು. ಪಂಪಿನಾಕೆ ಬಗ್ಗಿ ಅದನ್ನು ತಾನೇ ಓದಿಕೊಂಡಳು. "ಹಾಂ, ಇದು ಡೀಸೆಲ್ಲು. ಹಾಕ್ಲಾ?"

ಹಾಕಿ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಬಿಸಿಲಿಗೆ ಕಣ್ಣು ಕುಕ್ಕಿತು, ವಯಸ್ಸಾಯ್ತು ನೋಡಿ, ಅಂತ ಒಂದು ನಗು ನಕ್ಕರೆ ಆಯಿತು, ಯಾರೂ ಏನೂ ಕೇಳುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಮೂವತ್ತೊಂದು ವರ್ಷ ಬೇರೆಯವರ ತಪ್ಪಿಗೆ ಬ್ರೇಕು ಒತ್ತಿದ ಮನುಷ್ಯ. ಬಗ್ಗಿ ಆ ತೂತಿಗೆ ಮೂಗಿಟ್ಟರು. ಏನೂ ಇಲ್ಲ, ನೀರಿನ ತಣ್ಣನೆ ವಾಸನೆ ಮಾತ್ರ. ಹಿಂದಿನ ಮುಚ್ಚಳ ಬಿಚ್ಚಿ ಅಲ್ಲಿಯೂ ಮೂಗಿಟ್ಟರು. ಘಾಟು ನೆತ್ತಿಗೆ ಹತ್ತಿತು.

ಕೈ ಸರಿಯಾಗಿಯೇ ಇತ್ತು. ತಪ್ಪಿದ್ದು ಮುಚ್ಚಳ. ಅದನ್ನು ಬಾಯಿಬಿಟ್ಟು ಹೇಳಿದರೆ ತಾವು ಓದದೆಯೇ ಓದಿದೆನೆಂದದ್ದು ಬಯಲಾಗುತ್ತದೆ, ಹೇಳದಿದ್ದರೆ ಹೆಂಡತಿ ಕುಡಿಯುವ ನೀರಿಗೆ ಡೀಸೆಲ್ ಬೀಳುತ್ತದೆ.

"ನಿಲ್ಲಮ್ಮ, ಹಾಕಬೇಡ" ಅಂದರು. "ಮುಚ್ಚಳ ಅದಲುಬದಲಾಗಿದೆ. ಡೀಸೆಲ್ಲಿನ ತೂತು ಇದೇ. ಬೇಕಾದ್ರೆ ಮೂಸಿ ನೋಡು."

ಪಂಪಿನಾಕೆ ಮೂಸಿ ನೋಡಿ ತಲೆಯಾಡಿಸಿದಳು. ಕಟ್ಟೆಯ ಮೇಲಿಂದ ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು. ಬೆಳಿಗ್ಗೆ ತಿಕ್ಕೋಕೆ ಬಿಚ್ಚಿದ್ದೆ. ಚಹಾ ಉಕ್ತು ಅಂತ ಓಡೋ ಭರದಲ್ಲಿ ಯಾವುದನ್ನ ಎಲ್ಲಿ ಹಾಕಿದ್ನೋ ಏನೋ. ಎರಡೂ ಒಂದೇ ಅಳತೆ ನೋಡಿ, ಎಲ್ಲಿ ಹಾಕಿದ್ರೂ ಕೂತ್ಕೊಂಡುಬಿಡತ್ತೆ." ನಗುತ್ತಲೇ ದೋಣಿಗೆ ಇಳಿದಳು. ಇಳಿದವಳು ಎರಡನೆಯ ಹೆಜ್ಜೆಗೆ ನಿಂತಳು. ನಗು ಅಲ್ಲೇ ನಿಂತಿತು.

"ರೀ. ಅದರ ಮೇಲೆ ನೀರು ಅಂತಿತ್ತಲ್ಲ. ನೀವು ಡೀಸೆಲ್ ಅಂತ ಓದಿದ್ರಲ್ಲ."

ಪಂಪಿನಾಕೆ ನಳಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ, ಸರಿಯಾಗಿಯೇ ಇದ್ದ ಮರಳಿನ ಬಕೆಟ್ಟನ್ನು ಸರಿಮಾಡಲು ಕಟ್ಟೆಯ ಆ ತುದಿಗೆ ಹೋದಳು. ಜನದ ನಡುವೆ ಬಾಳಿದ ಹೆಂಗಸು.

"ನನ್ನ ಕಡೆ ನೋಡಿ" ಅಂದಳು ಹೆಂಡತಿ.

ಅವರು ತಿರುಗಿದರು, ಓರೆಯಾಗಿ.

"ಕತ್ತು ಉಳುಕಿಲ್ಲ, ಅಲ್ವಾ?"

"ಇಲ್ಲ."

"ಎಷ್ಟು ದಿನ ಆಯ್ತು?"

"ಏಳು ತಿಂಗಳು. ನೆಟ್ಟಗೆ ನೋಡಿದ್ದು ಕಾಣಲ್ಲ. ಡಾಕ್ಟರು ನಿನ್ನ ಕರ್ಕೊಂಡು ಬಾ ಅಂದಿದ್ರು. ನಾನೇ ಹೇಳಲಿಲ್ಲ. ಹೆದರಿಕೆ ಆಯ್ತು ಕಣೇ." ಇಷ್ಟು ಸುಲಭಕ್ಕೆ ಹೊರಬರುವ ಮಾತನ್ನು ಏಳು ತಿಂಗಳು ಹೊತ್ತದ್ದು ಯಾಕೆ ಅಂತ ಅವರಿಗೇ ಆಶ್ಚರ್ಯವಾಯಿತು.

ಆಕೆ ಕೋಣೆಯ ಮೆಟ್ಟಿಲಿನ ಮೇಲೆ ಕೂತಳು. ಕಾರು ಮಾರಿದ್ದು, ಪೇಪರು ಓದುವುದು ಬಿಟ್ಟದ್ದು, ಒಂದೊಂದೇ ಲೆಕ್ಕಕ್ಕೆ ಸಿಗುತ್ತಾ ಹೋಯಿತು. ಅತ್ತುಬಿಡುತ್ತಾಳೆ ಅಂದುಕೊಂಡಿದ್ದರು ಮೇಷ್ಟ್ರು. ಆಕೆ ಅಳಲಿಲ್ಲ. "ಯಾವ ಬಣ್ಣ ಹೇಳು ಅಂತಿದ್ರಲ್ಲ, ಅದು?" ಅಂತ ಕೇಳಿದಳು.

"ಕಾಣ್ತಿರಲಿಲ್ಲ."

"ಕಟ್ಟೆ ಎಷ್ಟು ದೂರ ಅಂತಿದ್ದಿದ್ದು?"

"ಅದೂ ಅಷ್ಟೇ."

"ಹಾಗಾದ್ರೆ ನನಗೆ ಕಲಿಸ್ತಾ ಇರಲಿಲ್ಲ ನೀವು." ಆಕೆಯ ದನಿ ಈಗ ಬದಲಾಯಿತು. "ಕಣ್ಣು ಹೋದ್ರೆ ಹೋಗಲಿ, ಅದು ನಿಮ್ಮ ತಪ್ಪಲ್ಲ. ಹೇಳದೇ ಇದ್ದಿದ್ದನ್ನೂ ನುಂಗ್ಕೋತೀನಿ. ಆದ್ರೆ ದಿನಾ ಸಂಜೆ ಮಗಳಿಗೆ ಫೋನ್ ಮಾಡಿ ಏನು ಹೇಳ್ತಿದ್ದೆ ಗೊತ್ತಾ? ನಿಮ್ಮಪ್ಪ ಕೊನೆಗೂ ನನಗೆ ಕಲಿಸ್ತಿದಾರೆ ಕಣೇ, ಒಂದು ಸಲಾನೂ ಬೈದಿಲ್ಲ ಅಂತ. ಕೂಸಿನ ಹಾಗೆ ಹಿಗ್ತಿದ್ದೆ. ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದೇ ತಾನೆ?"

ಈ ಕಡೆಯಿಂದ ಏಟು ಬರಬಹುದು ಅಂತ ಮೇಷ್ಟ್ರು ಎಣಿಸಿಯೇ ಇರಲಿಲ್ಲ. ತಮ್ಮ ಮಾನದ ಲೆಕ್ಕ ಹಾಕುತ್ತಾ ಕೂತಿದ್ದವರಿಗೆ ಆಕೆಯ ಹಿಗ್ಗು ಕಂಡೇ ಇರಲಿಲ್ಲ, ಅದಕ್ಕೆ ಕಣ್ಣಿನ ರೋಗ ಕಾರಣವೂ ಅಲ್ಲ. ಅವರಿಗೆ ನಾಚಿಕೆಯಾಯಿತು. ಇನ್ನೊಂದು ಸುಳ್ಳು ಸುಲಭವಿತ್ತು, ಹೇಳಲಿಲ್ಲ.

"ಮೊದಲನೇ ದಿನ ಕಲಿಸಲಿಲ್ಲ, ನಿಜ" ಅಂದರು. "ಎರಡನೇ ದಿನಾನೂ ಇಲ್ಲ. ನಿನ್ನ ಕಣ್ಣು ಬೇಕಾಗಿತ್ತು ಅಷ್ಟೇ. ಮೂರನೇ ದಿನ ನಾನು ಕೇಳೋಕೆ ಮುಂಚೇನೇ ನೀನು ಮೀನಿನ ಬಲೆ ಅಡ್ಡ ಇದೆ, ಸುತ್ತಿ ಹೋಗಿ ಅಂದೆ. ನೆನಪಿದೆಯಾ? ಆಗ ನನಗೇ ಬೆರಗಾಯ್ತು. ನನಗೆ ಅಷ್ಟು ವರ್ಷದಲ್ಲಿ ಅಂಥ ಕಣ್ಣಿರೋ ಹತ್ತು ಜನ ಸಿಕ್ಕಿರಲಿಲ್ಲ. ಅಲ್ಲಿಂದ ಮುಂದೆ ಕಲಿಸಿದೀನಿ. ಗೇರು ಯಾವಾಗ ಬಿಡಬೇಕು, ಅಲೆ ಬಂದ್ರೆ ದೋಣಿ ಮೂತಿ ಹೇಗೆ ತಿರುಗಿಸಬೇಕು, ಇವೆಲ್ಲ ನನಗೆ ಕಣ್ಣು ಬೇಕಾಗಿ ಹೇಳಿದ್ದಲ್ಲ. ಇವತ್ತು ಈ ಕಟ್ಟೆಗೆ ದೋಣಿ ತಂದವಳು ನೀನು. ನಾನು ಸುಮ್ನೆ ಚಕ್ರ ತಿರುಗಿಸಿದೆ."

ಆಕೆ ತನ್ನ ಅಂಗೈಯಲ್ಲಿದ್ದ ಹಗ್ಗದ ಗುರುತು ನೋಡಿಕೊಂಡಳು. ದೂರದಲ್ಲಿ ಯಾರೋ ಟಿನ್ನು ಉರುಳಿಸುವ ಸದ್ದು ಕೇಳುತ್ತಿತ್ತು.

ಪಂಪಿನಾಕೆ ಮೆಲ್ಲಗೆ ವಾಪಸು ಬಂದಳು. "ಸಮುದ್ರದ ನೀರು ಇಳೀತಾ ಇದೆ ಅಮ್ಮ. ಇನ್ನರ್ಧ ಗಂಟೆ ಆದ್ರೆ ಈ ಕಟ್ಟೆ ಹತ್ರ ದೋಣಿ ನೆಲ ಕಚ್ಚತ್ತೆ. ದೋಣೀನ ಇಲ್ಲೇ ಬಿಟ್ಟು ಹೋಗೋದಾದ್ರೂ ಆಗತ್ತೆ, ಮೇಲೆ ರಸ್ತೇಲಿ ಮೂರು ಗಂಟೆಗೆ ಬಸ್ಸಿದೆ. ಡೀಸೆಲ್ ಬೇಕು ಅಂದ್ರೆ ಅದಕ್ಕೂ ಸೈ. ಆದ್ರೆ ನನ್ನ ಪದ್ಧತಿ ಹೇಳಿದೀನಲ್ಲ. ಓಡಿಸೋರು ಯಾರೋ ಅವರು ಓದಬೇಕು."

ಮೇಷ್ಟ್ರು ಎದ್ದರು. ಮಂಡಿ ಲಟಕ್ಕೆಂದಿತು. ಮುಚ್ಚಳಗಳ ಹತ್ತಿರದಿಂದ ಎರಡು ಹೆಜ್ಜೆ ಹಿಂದೆ ಸರಿದು, ಕಟಕಟೆ ಹಿಡಿದು ನಿಂತರು. ಬಾ ಅಂತ ಕರೆಯಲಿಲ್ಲ. ಕರೆಯುವ ಹಕ್ಕು ತಮಗಿಲ್ಲ ಅಂತ ಅವರಿಗೆ ಅನ್ನಿಸಿತ್ತು.

ಹೆಂಡತಿ ಎದ್ದು, ಎರಡೂ ಮುಚ್ಚಳಗಳನ್ನು ತೆಗೆದುಕೊಂಡು ನೀರಿನದನ್ನು ನೀರಿನ ತೂತಿಗೆ ತಿರುಚಿದಳು, ಡೀಸೆಲ್ಲಿನದನ್ನು ಡೀಸೆಲ್ಲಿನದಕ್ಕೆ. ಕನ್ನಡಕ ಹುಡುಕಿ ಮೂಗಿಗೇರಿಸಿದಳು. ಹಿಂದಿನ ಮುಚ್ಚಳದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. "ಡೀಸೆಲ್."

"ಓಡಿಸೋರು ನೀವಾ ಅಮ್ಮ?"

"ಹೂಂ. ನಾನೇ" ಅಂದು ಮುಚ್ಚಳ ತೆಗೆದಳು.

ಪಂಪಿನಾಕೆ ಒಂದು ಬಟ್ಟೆಯ ತುಂಡನ್ನು ತೂತಿನ ಸುತ್ತ ಸುತ್ತಿ ನಳಿಕೆ ಇಳಿಸಿದಳು. ಡೀಸೆಲ್ ಇಳಿಯುವ ಸದ್ದು ಮೊದಲು ಡಬಡಬ ಅಂತ ದಪ್ಪಗಿತ್ತು, ತುಂಬುತ್ತಾ ತೆಳ್ಳಗಾಯಿತು. "ಇನ್ನೇನು ತುಂಬ್ತು, ನಿಲ್ಲಿಸು ಅನ್ನು" ಅಂದರು ಮೇಷ್ಟ್ರು ಕಿವಿ ಕೊಟ್ಟುಕೊಂಡು. ಆಕೆ ನಿಲ್ಲಿಸಿ ಅಂದಳು. ಒಂದು ಹನಿಯೂ ಚೆಲ್ಲಲಿಲ್ಲ.

ಹಗ್ಗ ಬಿಚ್ಚಿಕೊಟ್ಟವಳು ಪಂಪಿನಾಕೆಯೇ. ಹೆಂಡತಿ ಚಕ್ರದ ಮುಂದೆ ನಿಂತಳು, ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕೂತರು, ಮೂವತ್ತೊಂದು ವರ್ಷ ಕೂತ ಕಡೆಯಲ್ಲಿಯೇ. ದೋಣಿ ಕಟ್ಟೆಯಿಂದ ಬಿಡಿಸಿಕೊಂಡು, ಸ್ವಲ್ಪ ಸೊಟ್ಟಕ್ಕೆ ಹೋಗಿ, ಸರಿಹೋಯಿತು. ಬಂದರಿನ ಬಾಯಲ್ಲಿ ಎದುರಿನಿಂದ ಒಂದು ಮೀನಿನ ದೋಣಿ ಬಂತು. ಅದರ ಎಂಜಿನ್ನಿನ ಸದ್ದು ಹತ್ತಿರವಾದಂತೆ ಮೇಷ್ಟ್ರ ಬಲಗಾಲು ತಾನಾಗಿ ನೆಲದ ಹಲಗೆಯನ್ನು ಬಲವಾಗಿ ಒತ್ತಿತು.

"ಕಾಲು ತೆಗೀರಿ" ಅಂದಳು ಆಕೆ, ಮುಂದೆ ನೋಡುತ್ತಲೇ. "ಇದಕ್ಕೆ ಬ್ರೇಕೇ ಇಲ್ಲ. ನಿಮ್ಮ ಕಡೆಗಂತೂ ಇಲ್ಲವೇ ಇಲ್ಲ."

ಮೇಷ್ಟ್ರು ಕಾಲು ತೆಗೆದರು. ಮೀನಿನ ದೋಣಿ ಪಕ್ಕದಲ್ಲಿ ಹಾದುಹೋಯಿತು, ಅದರ ಅಲೆಗೆ ಆಕೆ ಮೂತಿ ತಿರುಗಿಸಿ ಕೊಟ್ಟಳು, ಅವರು ಹೇಳಿಕೊಟ್ಟಿದ್ದ ಹಾಗೆಯೇ. ಆಮೇಲೆ ಬಯಲು ಸಮುದ್ರ.

"ವಾಪಸು ಹೋದ ದಿನವೇ ಡಾಕ್ಟರ ಹತ್ರ. ಇಬ್ಬರೂ" ಅಂದಳು.

"ಆಯ್ತು."

"ಮಗಳಿಗೆ ಇವತ್ತು ಸಂಜೆ ಫೋನು ನೀವು ಮಾಡಬೇಕು. ಎಲ್ಲಾ ಹೇಳಬೇಕು."

"ಆಯ್ತು ಮಾರಾಯ್ತಿ."

ದಡ ಒಂದು ಪಕ್ಕಕ್ಕೆ ಉದ್ದಕ್ಕೂ ಜೊತೆಯಲ್ಲೇ ಬರುತ್ತಿತ್ತು. ಮೇಷ್ಟ್ರಿಗೆ ಅದೊಂದು ಮಸುಕು ಹಸಿರು ಪಟ್ಟಿ ಅಷ್ಟೇ. ಆರು ದಿನದಲ್ಲಿ ಆಕೆಯನ್ನು ಅವರು ಕೇಳಿದ್ದು ದಾರಿಗೆ ಬೇಕಾದದ್ದನ್ನು ಮಾತ್ರ, ಬಣ್ಣ ಯಾವುದು, ದೂರ ಎಷ್ಟು, ಅಡ್ಡ ಏನಿದೆ. ಇದನ್ನೆಲ್ಲ ತೋರಿಸುತ್ತೇನೆ ಅಂತ ಮಾತು ಕೊಟ್ಟದ್ದು ತಾವು ಅನ್ನುವುದು ನೆನಪಾಗಿ ಅವರು ತಲೆ ತಗ್ಗಿಸಿ ಕೂತಿದ್ದರು.

"ದಡದ ಮೇಲೊಂದು ಮನೆ ಇದೆ" ಅಂದಳು ಆಕೆ. "ನೀಲಿ ಬಾಗಿಲು. ಮೆಟ್ಟಿಲು ನೀರಿನವರೆಗೂ ಬಂದಿದೆ. ಮಹಡಿ ಮೇಲೆ ಒಬ್ಬಳು ನಿಂತ್ಕೊಂಡು ಹೊದಿಕೆ ಕೊಡವ್ತಿದಾಳೆ."

ಮೇಷ್ಟ್ರು ತಲೆಯೆತ್ತಿದರು. ಹಳೇ ಚಾಳಿ, ಬಾಯಿ ಸುಮ್ಮನಿರಲಿಲ್ಲ. "ಅದೆಲ್ಲ ದಾರಿಗೆ ಬೇಕಾಗಲ್ಲ ಕಣೇ."

"ಗೊತ್ತು. ದಾರಿಗಲ್ಲ, ನಿಮಗೆ ಹೇಳ್ತಿರೋದು."

ಮೇಷ್ಟ್ರು ಎರಡೂ ಕಾಲನ್ನು ಸ್ಟೂಲಿನ ಮೇಲೆ ಮಡಚಿಟ್ಟುಕೊಂಡರು, ದಡದ ಕಡೆಗೆ ತಿರುಗಿದರು.

"ಆಮೇಲೆ?" ಅಂದರು.